ಸುಮ್ನ ಸಮುದ್ರ ನೋಡಾಕ

ಮುಂದಿನ ವರ್ಷ ಮೆಡಿಟರೇನಿಯನ್ ಸಮುದ್ರದಾಗ ಕ್ರೂಸ್ ಹೋಗಬೇಕಂತ ಮಾಡೀನಿ. ಬಾರ್ಸಿಲೋನಾದಿಂದ ಏಳು ರಾತ್ರಿ. ಮಾರ್ಸೇಲ್ಸ್, ಜಿನೋವಾ, ನೇಪಲ್ಸ್. "ಚಳವಳಿ ಮಾಡೋರಿಗೆ ಇದೆಲ್ಲ ಯಾಕ್ರಿ?" ಅಂದರು ರೋಣದ ಸಂಗಾತಿಯೊಬ್ಬರು.

ಗಜೇಂದ್ರಗಡದ ನಮ್ಮ ಕೇರಿಯಲ್ಲಿ ಊರು ಬಿಟ್ಟು ಹೋಗೋದಕ್ಕ ಇದ್ದದ್ದು ಒಂದ ಶಬ್ದ: ಗುಳೆ. ಅವ್ವ ಹತ್ತು ವರ್ಷ ಗೋವಾಕ್ಕ ಹೋಗಿ ಗಾರೆ ಬುಟ್ಟಿ ಹೊತ್ತಾಳ. ಒಂದಿನಾನೂ ದಂಡಿಮ್ಯಾಲೆ ಕುಂತು ಸಮುದ್ರ ನೋಡಿಲ್ಲ. ಬಾಬಾಸಾಹೇಬರು 1913ರಲ್ಲಿ ಹಡಗು ಹತ್ತಿದ್ದು ಓದಾಕ. 1930, 1931ರಲ್ಲಿ ಹತ್ತಿದ್ದು ದುಂಡುಮೇಜಿನ ಪರಿಷತ್ತಿನಲ್ಲಿ ನಮ್ಮ ಪರ ವಾದಿಸಾಕ. ಕೆಲಸ ಇಲ್ಲದ, ಸುಮ್ನ ಹಡಗು ಹತ್ತೋ ಪಾಳಿ ನಮಗ ಯಾವಾಗ?

ಷೆಂಗೆನ್ ವೀಸಾಕ್ಕ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಹಿಂಗಾಗಿ ಖರ್ಚು ಉಳಸಾಕ ಹಡಗಿನ ಒಳಗಡೆಯ ಕ್ಯಾಬಿನ್ ಬುಕ್ ಮಾಡಾಕ ಹೊಂಟಿದ್ದೆ. ಅವ್ವ ಕೇಳಿದಳು: "ಸಮುದ್ರ ನೋಡಾಕ ಹೊಂಟು ಕಿಟಕಿ ಇಲ್ಲದ ಖೋಲಿ ಹಿಡೀತಿಯೇನಪಾ?"

ಈಗ ಕಿಟಕಿ ಇರೋದನ್ನ ನೋಡಾಕತ್ತೀನಿ, ಇಬ್ಬರಿಗೆ. ಅವ್ವನ ಪಾಸ್‌ಪೋರ್ಟ್ ಇನ್ನೂ ಆಗಬೇಕು. ಆಧಾರ್‌ನಾಗ ಆಕಿ ಹುಟ್ಟಿದ ದಿನ ಜನವರಿ 1. ಆಕಿನ್ನ ಕೇಳಿದ್ರ, "ಹೆಸರು ಬಿಡಿಸೋ ದಿನದಾಗ" ಅಂತಾಳ.