ಪಟ್ಟಣದ ಹೊಗೆ, ಹಳ್ಳಿಯ ತಿಪ್ಪೆ

ಕಾರ್ಬನ್ ಅಂದರೆ ದೊಡ್ಡವರ ಮಾತು ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತ ಒಂದು ಮಾತು ಕೊಟ್ಟಿತು: 2070ರೊಳಗೆ ನಮ್ಮ ಕಾರ್ಬನ್ ಲೆಕ್ಕ ಸೊನ್ನೆಗೆ ಬರುತ್ತದೆ, ಅಂದರೆ ಗಾಳಿಗೆ ಬಿಟ್ಟಷ್ಟನ್ನು ಹೀರಿಕೊಳ್ಳುತ್ತೇವೆ. ಶಹಾಪುರದ ಸಂತೆಗೆ ಬಂದ ರೈತನಿಗೆ ಇದನ್ನು ಹೇಳಿದರೆ, "ಅಷ್ಟೊತ್ತಿಗೆ ನಾವೆಲ್ಲಿ ಇರ್ತೀವಿ?" ಅಂತ ನಕ್ಕಾನು. ನಗಲಿ. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಲ್ಲಿ ಹೊಲದಲ್ಲಿ ನಿಲ್ಲುವವನೂ ಅವನೇ. ಈ ಲೆಕ್ಕದ ಒಂದು ತುದಿ ಹತ್ತಿರದ ಪಟ್ಟಣದ ನಗರಸಭೆಯ ಕೈಯಲ್ಲಿದೆ. ಇನ್ನೊಂದು ತುದಿ ನಮ್ಮ ಹೊಲದಲ್ಲಿದೆ.

ಯಾದಗಿರಿ, ಶಹಾಪುರ, ಸುರಪುರ, ಮೂರೂ ಕಡೆ ನಗರಸಭೆ ಇದೆ. ನಗರಸಭೆ ಯಾವ ಕಾರ್ಖಾನೆಯನ್ನೂ ಮುಚ್ಚಿಸಲಾರದು, ಬಸ್ಸಿನ ಎಂಜಿನ್ ಬದಲಿಸಲಾರದು. ಅದರ ಕೈಯಲ್ಲಿ ಇರುವುದು ಮುಖ್ಯವಾಗಿ ಮೂರು: ಬೀದಿ ದೀಪ, ಕುಡಿಯುವ ನೀರು, ಕಸ. ಕಾರ್ಬನ್ ಇಳಿಸುವುದಿದ್ದರೆ ಈ ಮೂರರಲ್ಲೇ ಇಳಿಸಬೇಕು.

ಮೊದಲು ದೀಪ. ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ದಂಡೆಯ ಮೇಲೆ, 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುತ್ತಾರೆ. ಈಗ ಬಿಸಿಲು, ಗಾಳಿಯ ಕರೆಂಟೂ ಸೇರಿಕೊಂಡಿದೆ. ಎಲ್ಲವನ್ನೂ ಕೂಡಿಸಿ ದೇಶದ ಸರಾಸರಿ ತೆಗೆದರೆ, ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಬೀದಿಯಲ್ಲಿ 100 ವ್ಯಾಟಿನ ಹಳದಿ ದೀಪ ತೆಗೆದು 40 ವ್ಯಾಟಿನ ಎಲ್‌ಇಡಿ ಹಾಕಿದರು ಅನ್ನಿ. ರಾತ್ರಿ 11 ತಾಸು ಉರಿದರೆ ವರ್ಷಕ್ಕೆ ಸುಮಾರು 240 ಯೂನಿಟ್ ಉಳಿಯಿತು. ಅಂದರೆ ಸುಮಾರು 168 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಉಳಿಯಿತು. ಬೆಳೆದ ಮರವೊಂದು ವರ್ಷಕ್ಕೆ 20 ಕೆ.ಜಿ.ಯಷ್ಟು ಹೀರಿಕೊಳ್ಳುತ್ತದೆ ಅನ್ನುವುದು ಸಾಮಾನ್ಯ ಅಂದಾಜು. ಒಂದು ದೀಪ ಬದಲಿಸಿದರೆ ಎಂಟು ಮರದ ಕೆಲಸ ಆದಂತೆ.

ಆದರೆ ಅದೇ ದೀಪ ಹಗಲಲ್ಲೂ ಉರಿಯುತ್ತಿದ್ದರೆ? ಬೆಳಗಿನ ಬಸ್ಸಿನಲ್ಲಿ ಓಡಾಡುವವರು ಇದನ್ನು ನೋಡಿರುತ್ತೀರಿ. ಸೂರ್ಯ ನೆತ್ತಿಗೆ ಬಂದಿರುತ್ತಾನೆ, ಕಂಬದ ಮೇಲೆ ದೀಪ ಉರಿಯುತ್ತಲೇ ಇರುತ್ತದೆ. 40 ವ್ಯಾಟಿನ ನೂರು ದೀಪ ಹಗಲಿಡೀ ಉರಿದರೆ ದಿನಕ್ಕೆ ಸುಮಾರು 50 ಯೂನಿಟ್, ಸುಮಾರು 35 ಕೆ.ಜಿ. ಇಂಗಾಲದ ಹೊಗೆ. ಇದಕ್ಕೆ ಬೇಕಾದದ್ದು ಹೊಸ ಯೋಜನೆಯಲ್ಲ. ತಾನೇ ಆರುವ ಒಂದು ಟೈಮರ್ ಸ್ವಿಚ್, ಅದು ಕೆಟ್ಟರೆ ಬಂದು ನೋಡುವ ಒಬ್ಬ ಮನುಷ್ಯ.

ನೀರಿನ ಲೆಕ್ಕವೂ ಹೀಗೇ. 1,000 ಲೀಟರ್ ನೀರನ್ನು 50 ಮೀಟರ್ ಎತ್ತರಕ್ಕೆ ಏರಿಸಲು ಪಂಪ್ ಸುಮಾರು ಕಾಲು ಯೂನಿಟ್ ಕರೆಂಟ್ ತಿನ್ನುತ್ತದೆ. ಸುರಪುರದಂಥ ಗುಡ್ಡದ ಊರಿನಲ್ಲಿ ನೀರು ಏರಿಸದೆ ಬೇರೆ ದಾರಿಯಿಲ್ಲ. ಒಡೆದ ಪೈಪಿನಿಂದ ಚರಂಡಿಗೆ ಹರಿಯುವ ನೀರಿನ ಜೊತೆ ಆ ಕರೆಂಟೂ ಹರಿದುಹೋಗುತ್ತದೆ. ಸೋರಿಕೆ ನಿಲ್ಲಿಸಿದರೆ ಕೊನೆಯ ಮನೆಗೆ ನೀರು ಸಿಗುತ್ತದೆ, ನಗರಸಭೆಯ ಬಿಲ್ಲು ಇಳಿಯುತ್ತದೆ, ಹೊಗೆಯೂ ಇಳಿಯುತ್ತದೆ.

ಇನ್ನು ಕಸ. ಹಳ್ಳಿಯವರಿಗೆ ನೇರವಾಗಿ ತಟ್ಟುವುದು ಇದೇ. ಪಟ್ಟಣದ ಕಸ ಪಟ್ಟಣದೊಳಗೆ ಇರುವುದಿಲ್ಲ, ಯಾವುದೋ ಹಳ್ಳಿಯ ಪಕ್ಕಕ್ಕೆ ಬರುತ್ತದೆ. ನಾನು ಓಡಾಡುವ ದಾರಿಯಲ್ಲಿ ಅಂಥದ್ದೊಂದು ಜಾಗ ಇದೆ. ಊರ ಹೆಸರು ಬೇಡ. ಸಂಜೆ ಗಾಳಿ ತಿರುಗಿದರೆ ಅಲ್ಲಿಯ ಹೊಗೆ ಹತ್ತಿರದ ಓಣಿಗೆ ಬರುತ್ತದೆ. ಹೆಣ್ಣುಮಕ್ಕಳು ಒಣಹಾಕಿದ ಬಟ್ಟೆ ಒಳಗೆ ತರುತ್ತಾರೆ, ಮುದುಕರು ಕೆಮ್ಮುತ್ತಾರೆ.

ಕಸ ಸುಡುವುದು ಕಾನೂನಿಗೆ ವಿರುದ್ಧ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಅದನ್ನು ನಿಷೇಧಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು.

ಸುಡದೆ ರಾಶಿ ಹಾಕಿದರೂ ಮುಗಿಯಲಿಲ್ಲ. ಅನ್ನ, ತರಕಾರಿ ಸಿಪ್ಪೆ, ಬಾಳೆಎಲೆ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ರಾಶಿಯ ಅಡಿಗೆ ಬಿದ್ದರೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದರಿಂದ ಮೀಥೇನ್ ಅನಿಲ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಕಸದ ರಾಶಿಗೆ ಬೆಂಕಿ ಹತ್ತಿದರೆ ಬೇಗ ಆರದೆ ಇರುವುದಕ್ಕೆ ಅದೂ ಒಂದು ಕಾರಣ.

ಇದರ ಮದ್ದು ನಮ್ಮವರಿಗೆ ಹೊಸದಲ್ಲ. ಅದು ತಿಪ್ಪೆ. ಸಗಣಿ, ಕಸಕಡ್ಡಿ, ಒಲೆಯ ಬೂದಿ ಒಂದು ಕಡೆ ಹಾಕಿ, ಕಳಿತ ಮೇಲೆ ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವುದನ್ನು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಿಲ್ಲ. ಆಗಾಗ ತಿರುವಿ ಹಾಕಿ ಗಾಳಿಯಾಡಿಸಬೇಕು ಅಷ್ಟೆ. ಇಲ್ಲದಿದ್ದರೆ ತಿಪ್ಪೆಯ ಹೊಟ್ಟೆಯಲ್ಲೂ ಅದೇ ಅನಿಲ ಹುಟ್ಟುತ್ತದೆ. ನಗರಸಭೆ ಮಾಡಬೇಕಾದ ಕಾಂಪೋಸ್ಟ್ ಅಂದರೆ ದೊಡ್ಡ ಲೆಕ್ಕದ ತಿಪ್ಪೆಯೇ.

ಆದರೂ ಯಾಕೆ ಆಗುವುದಿಲ್ಲ? ಹಳ್ಳಿಯ ತಿಪ್ಪೆಗೆ ಗಾಜು, ಬ್ಲೇಡು, ಸೂಜಿ ಹಾಕುವವರಿಲ್ಲ. ಪಟ್ಟಣದ ಕಸದಲ್ಲಿ ಎಲ್ಲವೂ ಇರುತ್ತದೆ. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಗಾಜಿನ ಚೂರು ಬಿದ್ದರೆ ಕಳೆ ತೆಗೆಯುವವರ ಕಾಲು ಕೊಯ್ಯುತ್ತದೆ. ಅಂಥ ಗೊಬ್ಬರ ಪುಕ್ಕಟೆ ಕೊಟ್ಟರೂ ರೈತ ಬೇಡ ಅನ್ನುತ್ತಾನೆ, ಅದರಲ್ಲಿ ತಪ್ಪಿಲ್ಲ. ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಗಾಡಿಯಲ್ಲಿ ಹಾಡು ಹಾಕಿದರೆ ಸಾಲದು. ಮನೆಯವರು ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಕೂಡಿಸಿಬಿಟ್ಟರೆ, ಎರಡನೇ ವಾರಕ್ಕೆ ಮನೆಯವರೂ ಬಿಟ್ಟುಬಿಡುತ್ತಾರೆ. ಆಮೇಲೆ ಅದನ್ನೆಲ್ಲ ಬರಿಗೈಯಲ್ಲಿ ಆರಿಸಬೇಕಾದವರು ಪೌರಕಾರ್ಮಿಕರು.

ಮಾಡಿ ತೋರಿಸಿದವರಿದ್ದಾರೆ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ಬೇರ್ಪಡಿಸಿ, ಹಸಿ ಕಸದಿಂದ ಗೊಬ್ಬರ ಮಾಡಿ ರೈತರಿಗೆ ಮಾರುತ್ತಾರೆ. ಅದರ ಹಿಂದೆ ಮಹಿಳಾ ಸಂಘಗಳ ದುಡಿಮೆ ಇದೆ. ನಮ್ಮ ಗಡಿಗೆ ಹತ್ತಿಕೊಂಡ ಕೇರಳದ ವಯನಾಡಿನಲ್ಲಿ ಮೀನಂಗಾಡಿ ಅನ್ನುವ ಗ್ರಾಮ ಪಂಚಾಯಿತಿ 2016ರಲ್ಲಿ ಕಾರ್ಬನ್ ಸರಿದೂಗಿಸುವ ಕೆಲಸಕ್ಕೆ ಕೈಹಾಕಿತು. ಊರಲ್ಲಿ ಎಷ್ಟು ಹೊಗೆ ಹೊರಡುತ್ತದೆ ಅಂತ ಲೆಕ್ಕ ಹಾಕಿಸಿತು. ಮರ ಕಡಿಯದೆ ಉಳಿಸುವ ರೈತರಿಗೆ, ಆ ಮರಗಳನ್ನೇ ಅಡವಿಟ್ಟುಕೊಂಡು ಬಡ್ಡಿಯಿಲ್ಲದ ಸಾಲ ಕೊಡಿಸಿತು. ಒಂದು ಪಂಚಾಯಿತಿಗೆ ಆಗುವ ಲೆಕ್ಕ ನಗರಸಭೆಗೆ ಆಗದೆ ಇರುವುದಿಲ್ಲ.

ನಮ್ಮಲ್ಲಿ ಪರಿಸರ ಅಂದರೆ ಜೂನ್ 5ಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಅನ್ನುವಂತಾಗಿದೆ. ಸಸಿ ನೆಡಬೇಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಬಿಸಿಲಿಗೆ ಬೇವು, ಹೊಂಗೆಯ ನೆರಳು ಬೇಕೇ ಬೇಕು. ಆದರೆ ಎರಡು ಬೇಸಿಗೆ ನೀರು ಹಾಕದ ಸಸಿ ಲೆಕ್ಕಕ್ಕೆ ಬರುವುದಿಲ್ಲ. ಜೂನ್‌ನ ಫೋಟೊದಲ್ಲಿ ಇದ್ದ ಸಸಿ ಮುಂದಿನ ಮೇ ತಿಂಗಳಲ್ಲಿ ಇದೆಯೋ ಇಲ್ಲವೋ ನೋಡಿ.

ಪಟ್ಟಣದ ವಿಷಯ ಹಳ್ಳಿಯವರಿಗೆ ಯಾಕೆ ಅನ್ನಬೇಡಿ. ಪಟ್ಟಣದ ಕಸ ನಮ್ಮ ಬದುವಿಗೆ ಬರುವಾಗ ಯಾರೂ ನಮ್ಮನ್ನು ಕೇಳಲಿಲ್ಲ. ಈಗ ನಾವು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಮೂರು ಪ್ರಶ್ನೆ ಬರೆಯಿರಿ. ಬೀದಿ ದೀಪಕ್ಕೆ ತಿಂಗಳಿಗೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಗುತ್ತದೆ? ನೀರಿನ ಪಂಪಿಗೆ ಎಷ್ಟು? ಹೋದ ವರ್ಷ ಎಷ್ಟು ಟನ್ ಗೊಬ್ಬರ ತಯಾರಾಯಿತು, ಅದು ಯಾರ ಹೊಲಕ್ಕೆ ಹೋಯಿತು? ಉತ್ತರಕ್ಕೆ 30 ದಿನದ ಗಡುವು ಇದೆ.

ಮೂರನೇ ಪ್ರಶ್ನೆಗೆ ಸರಿಯಾದ ಉತ್ತರ ಬಂದರೆ, ಒಂದು ಬುಟ್ಟಿ ಗೊಬ್ಬರ ತಂದು ಜರಡಿ ಹಿಡಿದು ನೋಡಿ. ಗಾಜು ಸಿಕ್ಕಿತೋ, ಮಣ್ಣಿನ ವಾಸನೆ ಬಂತೋ, ನಮಗೂ ತಿಳಿಸಿ.