ಆಟದ ಪೆಟ್ಟಿಗೆಯೂ ಅವ್ವನ ಸೋಬಾನ ಪದವೂ

ನಮ್ಮ ಕಡೆಯ ಮನೆಗಳಲ್ಲಿ ಯಾವ ವಸ್ತುವೂ ತಾನು ಹುಟ್ಟಿದ ಉದ್ದೇಶಕ್ಕೇ ಕಟ್ಟುಬಿದ್ದು ಕೊನೆಯವರೆಗೆ ಬಾಳುವುದಿಲ್ಲ. ಉಟ್ಟು ಸವೆದ ಇಳಕಲ್ಲ ಸೀರೆ ಕೌದಿಯಾಗುತ್ತದೆ. ಎಣ್ಣೆಯ ಡಬ್ಬಿ ಜೋಳದ ಹಿಟ್ಟಿನ ಡಬ್ಬಿಯಾಗುತ್ತದೆ. ಸೋರುವ ತಾಮ್ರದ ಕೊಡ ತುಳಸಿಗೆ ಆಸರೆಯಾಗುತ್ತದೆ. ಮಮದಾಪುರದ ನಮ್ಮ ಮನೆಯಲ್ಲಿ ಈ ನ್ಯಾಯಕ್ಕೆ ಒಳಪಟ್ಟ ಇತ್ತೀಚಿನ ವಸ್ತುವೆಂದರೆ ಮಕ್ಕಳು ಆಟವಾಡುವ ಒಂದು ಕಪ್ಪು ಪೆಟ್ಟಿಗೆ. ಅದರ ಹೆಸರು ಪ್ಲೇಸ್ಟೇಷನ್ 3. ಹತ್ತು ವರ್ಷಗಳಿಗೂ ಮಿಕ್ಕಿ ಅದು ನಮ್ಮಲ್ಲಿದೆ. ಈ ಅವಧಿಯಲ್ಲಿ ಅದರ ಮೇಲೆ ಆಟ ನಡೆದದ್ದು ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಾಗ ಮಾತ್ರ. ಉಳಿದ ದಿನಗಳಲ್ಲೆಲ್ಲ ಅದು ನಮ್ಮ ಮನೆಯ ಸಿಡಿ ಯಂತ್ರ, ಡಿವಿಡಿ ಯಂತ್ರ, ಹಾಡಿನ ಪೆಟ್ಟಿಗೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗ ಅದನ್ನು ತನಗಾಗಿ ಕೊಂಡಿದ್ದ. 2014ರಲ್ಲಿ ಹೊಸ ಮಾದರಿ ಕೊಂಡಾಗ ಹಳೆಯದನ್ನು ಊರಿಗೆ ತಂದಿಟ್ಟ. "ಅಪ್ಪಾ, ಇದನ್ನ ಮಾರಿದ್ರ ನಾಲ್ಕ ರೊಕ್ಕ ಬರಂಗಿಲ್ಲ. ಇಲ್ಲೇ ಇರ್ಲಿ, ಸಿಡಿ ಹಾಕ್ಕೊಂಡ ಕೇಳ್ರಿ" ಎಂದ. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಊರಿಗೆ ಹೊಸ ಹೆಸರು, ಮನೆಗೆ ಹೊಸ ಯಂತ್ರ ಎಂದು ನಾನು ನಗೆಯಾಡಿದ್ದು ನೆನಪಿದೆ.

ಈ ಪೆಟ್ಟಿಗೆಯ ಬೆಲೆ ತಿಳಿಯಬೇಕಾದರೆ ನಮ್ಮ ಹಳ್ಳಿಗಳಿಗೆ ಚಿತ್ರ ಮತ್ತು ಧ್ವನಿ ನಡೆದುಬಂದ ದಾರಿಯನ್ನು ಸ್ವಲ್ಪ ನೆನೆಯಬೇಕು. ನಾನು ನೌಕರಿಗೆ ಸೇರಿದ ಕಾಲದಲ್ಲಿ ಗಣಪತಿ ಹಬ್ಬ ಬಂತೆಂದರೆ ಪಟ್ಟಣದಿಂದ ಟಿ.ವಿ. ಹಾಗೂ ವಿಸಿಆರ್‌ಗಳನ್ನು ಒಂದು ರಾತ್ರಿಯ ಬಾಡಿಗೆಗೆ ತಂದು, ಬೆಳಗಾಗುವವರೆಗೆ ಮೂರು ಸಿನಿಮಾ ನೋಡುವುದು ವಾಡಿಕೆ. ಆಮೇಲೆ ವಿಸಿಡಿ ಬಂತು. ಒಂದು ಸಿನಿಮಾಕ್ಕೆ ಎರಡು ಇಲ್ಲವೆ ಮೂರು ತಟ್ಟೆ. ಒಂದರಲ್ಲಿ ಹಿಡಿಯುವುದು ಸುಮಾರು 74 ನಿಮಿಷ ಮಾತ್ರ. ನಾಯಕಿ ಬಾವಿಗೆ ಹಾರುವ ಹೊತ್ತಿಗೇ ತಟ್ಟೆ ಮುಗಿದು, ಯಾರಾದರೂ ಎದ್ದು ಮುಂದಿನದನ್ನು ಹಾಕುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿರಬೇಕು. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲಂತೂ ಕಿರಾಣಿ ಅಂಗಡಿಯಲ್ಲಿಯೂ ಸಿನಿಮಾ ಸಿಗುವಂತಾಯಿತು. ಮದುವೆ, ಜಾತ್ರೆ, ಶ್ರೀಕೃಷ್ಣ ಪಾರಿಜಾತದಾಟ, ಶಾಲೆಯ ಗ್ಯಾದರಿಂಗ್ ಎಲ್ಲವೂ ಆ ಹೊಳೆಯುವ ತಟ್ಟೆಗಳನ್ನು ಸೇರಿದವು.

ಆಟದ ಯಂತ್ರಕ್ಕೂ ಈ ತಟ್ಟೆಗಳಿಗೂ ಎತ್ತಣಿಂದೆತ್ತಣ ಸಂಬಂಧ ಎಂದು ಓದುಗ ಮಿತ್ರರು ಕೇಳಬಹುದು. ಜಪಾನಿನ ಸೋನಿ ಕಂಪನಿ 2000ದ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 2 ಎಂಬ ಯಂತ್ರವನ್ನು ಹೊರತಂದಿತು. ಅದರ ಆಟಗಳು ಡಿವಿಡಿಯ ಮೇಲೆ ಬರುತ್ತಿದ್ದುದರಿಂದ ಡಿವಿಡಿ ಸಿನಿಮಾವನ್ನೂ ಅದು ಆಡಿಸಬಲ್ಲದಾಗಿತ್ತು. ಆ ದಿನಗಳಲ್ಲಿ ಡಿವಿಡಿ ಯಂತ್ರಗಳು ದುಬಾರಿ. ಹಾಗಾಗಿ ಮಗನಿಗೆ ಆಟ, ಅಪ್ಪನಿಗೆ ಸಿನಿಮಾ ಎಂದು ಒಂದೇ ಖರ್ಚಿನಲ್ಲಿ ಎರಡು ಕೆಲಸ ಮುಗಿಸಿದ ಕುಟುಂಬಗಳು ಹೊರದೇಶಗಳಲ್ಲಿ ಲೆಕ್ಕವಿಲ್ಲದಷ್ಟು. 16 ಕೋಟಿಯಷ್ಟು ಮಾರಾಟವಾದ ಆ ಯಂತ್ರ ನಮ್ಮ ಹಳ್ಳಿಗಳಲ್ಲಿ ಮಾತ್ರ ಕಾಲೂರಲಿಲ್ಲ. ಬೆಲೆಯ ಮಾತು ಹಾಗಿರಲಿ, ನಮ್ಮಲ್ಲಿ ಮನೆಮನೆಗೂ ಇದ್ದ ವಿಸಿಡಿಯನ್ನು ಅದು ಆಡಿಸುತ್ತಿರಲಿಲ್ಲ.

ಅದರ ತಮ್ಮನೇ 2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3. ಡಿವಿಡಿಯ ಉತ್ತರಾಧಿಕಾರಿಯ ಪಟ್ಟಕ್ಕೆ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಪದ್ಧತಿಗಳು ಹೋರಾಡುತ್ತಿದ್ದ ಕಾಲವದು. ಅದೇ ವರ್ಷ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಬ್ಲೂ-ರೇ ಯಂತ್ರದ ಬೆಲೆ ಸುಮಾರು 1000 ಡಾಲರ್. ಬ್ಲೂ-ರೇ ಆಡಿಸುವ ಪ್ಲೇಸ್ಟೇಷನ್ 3 ಅಲ್ಲಿ 499 ಡಾಲರಿನಿಂದ ಸಿಗುತ್ತಿತ್ತು. ಸಿನಿಮಾ ನೋಡುವುದಕ್ಕೆಂದೇ ಆಟದ ಯಂತ್ರ ಕೊಂಡವರು ಆಗ ಬಹಳ. 2008ರ ಫೆಬ್ರುವರಿಯಲ್ಲಿ ತೋಷಿಬಾ ಕಂಪನಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಮನೆಗಳನ್ನು ಮೊದಲೇ ಹೊಕ್ಕಿದ್ದ ಈ ಆಟದ ಪೆಟ್ಟಿಗೆಗಳೂ ಆ ಸೋಲಿಗೆ ಒಂದು ಕಾರಣವೆನ್ನುತ್ತಾರೆ.

ವಿಜ್ಞಾನ ಕಲಿಸಿದವನಾದ್ದರಿಂದ ಒಳಗಿನ ಕೆಲಸವನ್ನೂ ಹೇಳದೆ ಇರಲಾರೆ. ಈ ಎಲ್ಲ ತಟ್ಟೆಗಳ ಮೇಲೂ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಸಾಲು ಇರುತ್ತದೆ. ನಮ್ಮ ಎರಿಹೊಲದಲ್ಲಿ ಕೂರಿಗೆ ಎಳೆದ ಸಾಲುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಲುಗಳನ್ನು ಹತ್ತಿರ ಹತ್ತಿರ ಎಳೆದಷ್ಟೂ ಅದೇ ಹೊಲದಲ್ಲಿ ಹೆಚ್ಚು ಸಾಲು ಹಿಡಿಯುತ್ತವೆ. ಸಿಡಿಯಲ್ಲಿ ಎರಡು ಸಾಲುಗಳ ನಡುವಿನ ಅಂತರ 1.6 ಮೈಕ್ರಾನ್, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಾಲು ಕಿರಿದಾದಂತೆ ಅದನ್ನು ಓದುವ ಬೆಳಕಿನ ತರಂಗವೂ ಕಿರಿದಾಗಬೇಕು. ಸಿಡಿಗೆ 780 ನ್ಯಾನೊಮೀಟರಿನ ಅವಕೆಂಪು, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೇರಳೆ. ಹೀಗೆ ಒಂದೇ ಅಳತೆಯ ತಟ್ಟೆ 700 ಮೆಗಾಬೈಟಿನಿಂದ 4.7 ಗಿಗಾಬೈಟಿಗೆ, ಅಲ್ಲಿಂದ 25 ಗಿಗಾಬೈಟಿಗೆ ಏರಿತು. ಮೂರೂ ಬಗೆಯ ಬೆಳಕು ನಮ್ಮ ಪೆಟ್ಟಿಗೆಯೊಳಗಿವೆ. ಮೂರು ತಲೆಮಾರಿನ ತಟ್ಟೆಗಳನ್ನು ಅದು ಓದಬಲ್ಲದ್ದು ಇದರಿಂದಲೇ.

ನಮ್ಮ ಮನೆಯಲ್ಲಿ ಅದು ಅತಿ ಹೆಚ್ಚು ಓದಿದ್ದು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳನ್ನು. ಸ್ವಾಮೀಜಿ ನಮ್ಮ ನೆರೆಯ ತಿಕೋಟಾ ಭಾಗದ ಬಿಜ್ಜರಗಿಯವರು. ಎಂಪಿ3 ರೂಪದ ಒಂದು ಸಿಡಿಯಲ್ಲಿ ಗಂಟೆಯ ಲೆಕ್ಕದ ಹತ್ತು ಹನ್ನೆರಡು ಪ್ರವಚನ ಹಿಡಿಸುತ್ತವೆ. ಬೆಳಗಿನ ಚಹಾದ ಹೊತ್ತಿಗೆ ಒಂದು ಪ್ರವಚನ ಹಾಕುವುದು ನಮ್ಮ ರೂಢಿ. ಪಕ್ಕದ ಮನೆಯ ಹಿರಿಯರೊಬ್ಬರು ಕಟ್ಟೆಗೆ ಬಂದು ಕುಳಿತು, "ಮಾಸ್ತರ, ಹುಡುಗೂರ ಆಡೂ ಡಬ್ಬ್ಯಾಗ ಅಪ್ಪಾರ ಮಾತ ಬರ್ತಾವಲ್ರೀ!" ಎಂದು ಬೆರಗಾಗುತ್ತಿದ್ದರು. 2023ರ ಜನವರಿ 2ರಂದು ಸ್ವಾಮೀಜಿ ಲಿಂಗೈಕ್ಯರಾದ ಮೇಲೆ ಆ ಸಿಡಿಗಳನ್ನು ತೆಗೆಯುವಾಗ ನಮ್ಮ ಕೈ ಮೊದಲಿಗಿಂತ ಜೋಪಾನವಾಗಿದೆ.

ಬಳಸುವ ಕಷ್ಟಗಳೂ ಇವೆ. ಈ ಯಂತ್ರಕ್ಕೆ ಸಾಮಾನ್ಯ ರಿಮೋಟ್ ನಡೆಯದು. ಆಟದ ಕೈಪಿಡಿಯನ್ನೇ ಹಿಡಿಯಬೇಕು, ಅದನ್ನೂ ಮೊಬೈಲಿನಂತೆ ಚಾರ್ಜ್ ಮಾಡಬೇಕು. ಅದರ ಮೇಲೆ ವೃತ್ತ, ತ್ರಿಕೋನ, ಚೌಕ, ಗುಣಾಕಾರ ಚಿಹ್ನೆಗಳಿವೆ. ನನ್ನ ಮನೆಯವರು ಒಂದು ಚೀಟಿಯಲ್ಲಿ "ಗುಣಾಕಾರ: ಶುರು, ವೃತ್ತ: ಹಿಂದಕ್ಕೆ" ಎಂದು ಬರೆದು ಟಿ.ವಿ.ಯ ಬದಿಗೆ ಅಂಟಿಸಿದ್ದಾರೆ. ಪೆಟ್ಟಿಗೆ ಉಣ್ಣುವ ಕರೆಂಟು ಸಾಧಾರಣ ಡಿವಿಡಿ ಯಂತ್ರದ ಹಲವು ಪಟ್ಟು. ಆದ್ದರಿಂದ ಇನ್ವರ್ಟರ್ ಮೇಲೆ ಹಚ್ಚುವುದಿಲ್ಲ. ಒಳಗೆ ಫ್ಯಾನ್ ಇರುವುದರಿಂದ ಸುಗ್ಗಿಯ ದಿನಗಳ ದೂಳು ಅದಕ್ಕೆ ಶತ್ರು. ರಾಶಿ ಮಾಡುವ ತಿಂಗಳಲ್ಲಿ ಅದರ ಮೇಲೆ ಒಂದು ವಸ್ತ್ರ ಹೊದಿಸಿರುತ್ತೇವೆ, ಹಚ್ಚುವಾಗ ಮರೆಯದೆ ತೆಗೆಯುತ್ತೇವೆ. ಪೆನ್‌ಡ್ರೈವ್ ಕೊಟ್ಟರೆ ಅದು ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿರಬೇಕು. ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ. ನಮ್ಮ ಹಳೆಯ ವಿಸಿಡಿಗಳನ್ನು ಮಗ ಕಂಪ್ಯೂಟರಿನಲ್ಲಿ ಎಂಪೆಗ್ ಕಡತಗಳಾಗಿ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅಲ್ಲಿಂದ ಅವು ಸರಾಗವಾಗಿ ನಡೆಯುತ್ತಿವೆ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಹಳೆಯ ಯಂತ್ರವನ್ನು ಊರಿಗೆ ಕಳಿಸುವುದುಂಟು. ಅಂಥವರಿಗೆ ಒಂದು ಮಾತು. ಡಿವಿಡಿಗೆ ಪ್ರದೇಶ ಸಂಖ್ಯೆಗಳಿವೆ. ಅಮೆರಿಕ 1, ಭಾರತ 5. ಮದುವೆಯ ಡಿವಿಡಿಗೆ ಈ ಬೇಲಿ ಇಲ್ಲವಾದರೂ ಅದು ನಮ್ಮ ದೇಶದ ಪ್ಯಾಲ್ ಪದ್ಧತಿಯಲ್ಲಿರುತ್ತದೆ. ಅಲ್ಲಿ ಮಾರಿದ ಪ್ಲೇಸ್ಟೇಷನ್ 3 ಪ್ಯಾಲ್ ಡಿವಿಡಿಯನ್ನು ಆಡಿಸುವುದಿಲ್ಲ. ಅಲ್ಲಿಂದ ತಂದು, ತಂಗಿಯ ಮದುವೆ ನೋಡಲಾಗದೆ ಪೆಚ್ಚಾದವರನ್ನು ನಾನು ಬಲ್ಲೆ.

ಮದುವೆಯ ಮಾತು ಬಂತು. ಈ ಬರಹಕ್ಕೆ ನನ್ನನ್ನು ಕೂರಿಸಿದ್ದೂ ಅಂಥದೇ ಒಂದು ಡಿವಿಡಿ. 2008ರಲ್ಲಿ ನನ್ನ ಮಗಳ ಮದುವೆ ಊರಿನಲ್ಲೇ ಹಂದರ ಹಾಕಿ ನಡೆಯಿತು. ವಿಡಿಯೊ ಮಾಡಿದ ಹುಡುಗ ಆಗಿನ ರೂಢಿಯಂತೆ ಎಲ್ಲ ದೃಶ್ಯಗಳಿಗೂ ಸಿನಿಮಾ ಹಾಡು ಹಚ್ಚಿದ್ದ. ಬೀಗರು ನಗುತ್ತಾರೆ, ಸದ್ದಿಲ್ಲ. ಸ್ವಾಮಿಗಳು ಮಂತ್ರ ಹೇಳುತ್ತಾರೆ, ಮೇಲೆ ಪ್ರೇಮಗೀತೆ. ಆದರೆ ಅರಿಷಿಣ ಹಚ್ಚುವ ಕಡೆ ಸುಮಾರು ಮೂರು ನಿಮಿಷ, ಮರೆತನೋ ಮನಸ್ಸಾಗಲಿಲ್ಲವೋ, ಮೂಲ ಧ್ವನಿಯನ್ನೇ ಬಿಟ್ಟಿದ್ದ. ಅಲ್ಲಿ ನಮ್ಮ ಅವ್ವ ಸೋಬಾನ ಪದ ಹಾಡುತ್ತಾಳೆ. ಹಲ್ಲಿಲ್ಲದ ಬಾಯಿ, ತಲೆಯ ಮೇಲೆ ಸೆರಗು, ನಡುನಡುವೆ ಕೆಮ್ಮು. ಒಂದು ನುಡಿ ಮರೆತಾಗ ಪಕ್ಕದವರ ಮೊಣಕೈ ತಿವಿದು ಕೇಳಿಕೊಂಡು ಮುಂದುವರಿಸುತ್ತಾಳೆ. ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಇಂಥ ಪದಗಳು ನೂರಾರು ಬರುತ್ತಿದ್ದವು. ಒಂದೂ ಬರಹಕ್ಕೆ ಇಳಿಯಲಿಲ್ಲ. 2012ರಲ್ಲಿ ಅವ್ವ ತೀರಿಕೊಂಡಳು. ಆಕೆಯ ಧ್ವನಿ ಲೋಕದಲ್ಲಿ ಉಳಿದಿದ್ದು ಆ ಮೂರು ನಿಮಿಷ ಮಾತ್ರ.

ಪೇಟೆಯಲ್ಲಿ ಕೊಂಡ ನಮ್ಮ ಡಿವಿಡಿ ಯಂತ್ರ ಕೆಡುವ ಮೊದಲು ಆ ತಟ್ಟೆಯನ್ನು ಅರ್ಧಕ್ಕೇ ನಿಲ್ಲಿಸತೊಡಗಿತ್ತು. ಚಿತ್ರ ಚೌಕ ಚೌಕವಾಗಿ ಒಡೆದು, ಅವ್ವನ ಬಾಯಿ ತೆರೆದಂತೆಯೇ ಕಲ್ಲಾಗುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ತಟ್ಟೆಗೂ ಅಂಗಡಿಯಲ್ಲಿ ಬರೆದುಕೊಟ್ಟ ತಟ್ಟೆಗೂ ಭೇದವಿದೆ. ಎರಡನೆಯದರಲ್ಲಿ ಅಕ್ಷರವಿರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಶಾಖ, ತೇವಗಳಿಗೆ ಅದು ಕ್ರಮೇಣ ಮಾಸುತ್ತದೆ. ಒಂದು ಯಂತ್ರ ಎಡವಿದಲ್ಲಿ ಇನ್ನೊಂದು ದಾಟಬಹುದು. ಮಗ ತಂದ ಪೆಟ್ಟಿಗೆ ದಾಟಿತು. ಅಂದು ಮನೆಯವರೆಲ್ಲ ಕುಳಿತು ಆ ಪದವನ್ನು ಮೂರು ಸಲ ಕೇಳಿದೆವು.

ಆದರೆ ಮಾಸುತ್ತಿರುವ ತಟ್ಟೆಯನ್ನು ಮತ್ತೆ ಮತ್ತೆ ಓದಿಸಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಈ ಯಂತ್ರ ಹಾಡಿನ ಸಿಡಿಯನ್ನು ತನ್ನೊಳಗೆ ನಕಲು ಮಾಡಿಟ್ಟುಕೊಳ್ಳಬಲ್ಲದು, ಡಿವಿಡಿ ಚಿತ್ರವನ್ನಲ್ಲ. ಆದ್ದರಿಂದ ಮುಂದಿನ ದೀಪಾವಳಿಗೆ ಬಂದ ಮಗನಿಂದ ಆ ಡಿವಿಡಿಯನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಡಿಸಿದೆ. ಒಂದು ನಮ್ಮಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಆಮೇಲೆ ಆಕೆಯ ಪದವನ್ನು ಕೇಳಿ ಕೇಳಿ ಒಂದು ವಹಿಯಲ್ಲಿ ಬರೆದುಕೊಂಡೆ. ಎರಡು ನುಡಿಗಳಲ್ಲಿ ಬಾಜಾದವರ ಸದ್ದು ಅಡ್ಡ ಬಂದು ಶಬ್ದ ತಿಳಿಯಲಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ತಿಳಿದ ಮುದುಕಿಯರು ಊರಲ್ಲಿ ಇನ್ನು ಇಬ್ಬರಿದ್ದಾರೆ, ಕೇಳಬೇಕು.

ಹೀಗೆ ಅವಸರಪಡಲು ಕಾರಣವಿದೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಹಾಡಿನ ಸಿಡಿಯನ್ನು ಆಡಿಸುವುದನ್ನೇ ಬಿಟ್ಟಿತು. 2020ರ ಪ್ಲೇಸ್ಟೇಷನ್ 5ರಲ್ಲಿ ತಟ್ಟೆಯ ಬಾಯಿಯೇ ಇಲ್ಲದ ಒಂದು ಬಗೆ ಬಂತು. 2024ರ ಪ್ರೊ ಮಾದರಿಗೆ ಆ ಬಾಯಿಯನ್ನು ಬೇರೆಯಾಗಿಯೇ ಕೊಳ್ಳಬೇಕು. ಸೋನಿ ಕಂಪನಿ ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಅಗ್ಗದ ತಟ್ಟೆಗಳನ್ನು ಮನೆಮನೆಗೆ ತಲುಪಿಸಿದ ಮೋಸರ್ ಬೇಯರ್ ದಿವಾಳಿಯಾಗಿ, 2018ರಲ್ಲಿ ಅದನ್ನು ಮುಚ್ಚಿ ಮಾರಲು ಆದೇಶವಾಯಿತು. ತಯಾರಕರನ್ನು ದೂರಿ ಫಲವಿಲ್ಲ. ಅವರ ಪಾಲಿಗೆ ಸಿನಿಮಾ, ಸಂಗೀತ ಎಲ್ಲವೂ ಇಂಟರ್ನೆಟ್ಟಿನಲ್ಲಿ ಹರಿದು ಬರುತ್ತಿವೆ. ಆದರೆ ಯಾರದೋ ಅವ್ವ ಹಾಡಿದ ಸೋಬಾನ ಪದ ಅಲ್ಲಿ ಹರಿದು ಬರುವುದಿಲ್ಲ. ಅದು ಅಲಮಾರಿನಲ್ಲಿ, ಲಗ್ನಪತ್ರಿಕೆಯ ಕೆಳಗೆ, ಗೀರು ಬಿದ್ದ ತಟ್ಟೆಯೊಂದರಲ್ಲಿದೆ.

ಮಿತ್ರರೆ, ನಿಮ್ಮ ಮನೆಯಲ್ಲಿಯೂ ಅಂಥ ತಟ್ಟೆಗಳಿರಬಹುದು. ಮಕ್ಕಳು ಬಿಟ್ಟುಹೋದ ಆಟದ ಪೆಟ್ಟಿಗೆಯೂ ಇರಬಹುದು. ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ಅದರ ಬಾಯಿಗೆ ತಟ್ಟೆ ಕೊಟ್ಟು ನೋಡಿ. ಓದಿದರೆ ಅದೇ ವಾರ ನಕಲು ಮಾಡಿಸಿ, ಎರಡು ಕಡೆ ಇಡಿ. ಹಾಡಿದ್ದರೆ ಬರೆದುಕೊಳ್ಳಿ. ಮುಂದಿನ ದೀಪಾವಳಿಗೆ ಮಕ್ಕಳು ಊರಿಗೆ ಬಂದಾಗ ಮಾಡಿಸಬಹುದಾದ ಕೆಲಸವಿದು.