ಮನೆ ಕಟ್ಟುವ ಮುನ್ನ: ಕೊಳ್ಳೇಗಾಲ ಸೀಮೆಯಲ್ಲಿ ನಾಲ್ಕು ದಿನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಹೇಗೋ ಮಾಡಿ ಮುಗಿಸಿದ ನನಗೆ ಗಾದೆಯ ಮೊದಲರ್ಧವು ಮಾತ್ರ ಉಳಿದಿದ್ದಿತು. ಮೂವತ್ತು ವರ್ಷ ಬೆಂಗಳೂರಿನ ಬಾಡಿಗೆಯ ಮನೆಗಳಲ್ಲಿ ಕಳೆದು, ಕೆಲಸದಿಂದ ನಿವೃತ್ತನಾಗಿ, ಕೈಗೆ ಬಂದ ಭವಿಷ್ಯನಿಧಿಯ ಹಣವನ್ನು ಯಾವ ಊರಿನ ಮಣ್ಣಿಗೆ ಹಾಕುವುದೆಂದು ಯೋಚಿಸುತ್ತಿದ್ದೆನು. ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಿಸತಕ್ಕ ವಯಸ್ಸು ನನ್ನದಲ್ಲ.

ಬೆಂಗಳೂರಿನಲ್ಲಿಯೇ ಉಳಿಯುವ ಮಾತು ಮೊದಲೇ ಬಿದ್ದುಹೋಯಿತು. 2001ರ ಜನಗಣತಿಯಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2011ರಲ್ಲಿ 96 ಲಕ್ಷವಾಯಿತು. ಅದೇ ಹತ್ತು ವರ್ಷಗಳಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯು 9 ಲಕ್ಷ 65 ಸಾವಿರದಿಂದ 10 ಲಕ್ಷ 20 ಸಾವಿರಕ್ಕೆ ಬಂದಿತು. ಒಂದು ಜಿಲ್ಲೆಯು ಹೆಚ್ಚುಕಡಮೆ ಅರ್ಧದಷ್ಟು ಉಬ್ಬಿತು. ಇನ್ನೊಂದು ನೂರಕ್ಕೆ ಆರರಷ್ಟೂ ಬೆಳೆಯಲಿಲ್ಲ. ಇಲ್ಲಿ ಬೆಳೆಯಬೇಕಾದ ಸಂಸಾರಗಳಲ್ಲಿ ಕೆಲವು ಅಲ್ಲಿಗೆ ಹೋಗಿ ಬೆಳೆದವು; ಅದಕ್ಕೆ ನಾನೇ ಸಾಕ್ಷಿ. ಅಷ್ಟು ಜನರು ಒಂದೆಡೆ ಸೇರಿದ ಮೇಲೆ ಅಲ್ಲಿಯ ನಿವೇಶನವು ಸಂಬಳಗಾರನ ಕೈಗೆ ಎಟಕುವುದೆಂತು?

ಊರಿಗೆ ಹಿಂದಿರುಗುವುದೆಂದು ನಿಶ್ಚಯವಾಯಿತು. ಯಾವ ಊರಿಗೆ ಎಂಬಲ್ಲಿ ಮಾತ್ರ ಮನೆಯ ಮೂವರಲ್ಲಿ ಮೂರು ಅಭಿಪ್ರಾಯಗಳಾದುವು. ಎಂಬತ್ತು ದಾಟಿದ ನನ್ನ ತಾಯಿಯು ತನ್ನ ತವರಾದ ಹನೂರಿನಲ್ಲಿ ಕಣ್ಣು ಮುಚ್ಚಬೇಕೆಂದಳು. ನನ್ನ ಹೆಂಡತಿಗೆ ತನ್ನ ತವರಾದ ಯಳಂದೂರಿನ ಮೇಲೆ ಮನಸ್ಸು. ನಾನು ಓದಿ ಬೆಳೆದದ್ದು ಕೊಳ್ಳೇಗಾಲದಲ್ಲಿ. ಮೂರನ್ನೂ ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿ, ಬಿರುಬೇಸಗೆಯಲ್ಲಿಯೇ ಹೊರಟೆವು. ಊರಿನ ಗುಣವನ್ನು ತಿಳಿಯಲು ಬೇಸಗೆಗಿಂತ ಒಳ್ಳೆಯ ಕಾಲವಿಲ್ಲ.

ಕನಕಪುರ, ಮಳವಳ್ಳಿಗಳನ್ನು ದಾಟಿ ಸತ್ತೇಗಾಲದ ಬಳಿ ಕಾವೇರಿಯನ್ನು ಕಂಡಾಗ ತಾಯಿಯು ಕಾರನ್ನು ನಿಲ್ಲಿಸಿ ಕೈಮುಗಿದಳು. ಸಮೀಪದ ಶಿವನಸಮುದ್ರದಲ್ಲಿ ನದಿಯು ಕವಲೊಡೆದು, ಒಂದು ಕಡೆ ಗಗನಚುಕ್ಕಿಯಾಗಿಯೂ ಇನ್ನೊಂದು ಕಡೆ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಈ ಸೀಮೆಯಿಂದ ಹೊರಗೆ ಹೋದದ್ದು ವಿದ್ಯುತ್ತೊಂದೇ ಅಲ್ಲ; ಹೊಟ್ಟೆಪಾಡಿಗಾಗಿ ನಮ್ಮಂಥವರೂ ಹೋದೆವು.

ಕೊಳ್ಳೇಗಾಲವು ಹಿಂದೆ ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಹೊಸದಾಗಿ ರಚಿತವಾದ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. 2011ರ ಜನಗಣತಿಯಂತೆ ಪಟ್ಟಣದಲ್ಲಿ ಸುಮಾರು 57 ಸಾವಿರ ಜನರು. ರೇಷ್ಮೆಯೇ ಈ ಊರಿನ ಹೆಸರು. ನೇಕಾರರ ಬೀದಿಗಳ ಹಳೆಯ ಹೆಂಚಿನ ಮನೆಗಳಲ್ಲಿ ಮಗ್ಗಕ್ಕೆ ಮೊದಲು ಸ್ಥಳ, ಮನುಷ್ಯರಿಗೆ ಆಮೇಲೆ. ನಡುಮನೆಯಲ್ಲಿ ಸೀರೆಯು ಬೆಳೆಯುತ್ತಿದ್ದರೆ ಅದರ ಪಕ್ಕದಲ್ಲಿಯೇ ಮಗು ಮಲಗಿರುವುದು. ಅಂಥ ಮನೆಗಳು ಈಗ ಒಂದೊಂದಾಗಿ ಕಳಚಿ, ಮೂವತ್ತು ನಲವತ್ತು ಅಡಿಯ ನಿವೇಶನಗಳಲ್ಲಿ ತಾರಸಿಯ ಮನೆಗಳು ಏಳುತ್ತಿವೆ. ಗಾಳಿಗಾಗಿದ್ದ ತೊಟ್ಟಿಯ ಜಾಗದಲ್ಲಿ ವಾಹನ ನಿಲ್ಲುತ್ತದೆ. ಬೇಸಗೆಯ ಮಧ್ಯಾಹ್ನ ಹಳೆಯ ಮನೆಯ ಜಗುಲಿಯಲ್ಲಿ ಕುಳಿತು, ಅನಂತರ ಹೊಸ ಮನೆಯ ಕೊಠಡಿಯಲ್ಲಿ ಕುಳಿತವನಿಗೆ ಎರಡರ ಭೇದವನ್ನು ವಿವರಿಸಬೇಕಾಗಿಲ್ಲ.

ಪಟ್ಟಣದ ಹೊರಗೆ ರಸ್ತೆಗಳ ಎರಡೂ ಬದಿಯಲ್ಲಿ ಬಡಾವಣೆಯ ಕಲ್ಲುಗಳನ್ನು ನೆಟ್ಟಿದ್ದಾರೆ. ದಲ್ಲಾಳಿಯೊಬ್ಬನು ನಮ್ಮನ್ನು ಒಂದು ನಿವೇಶನಕ್ಕೆ ಕರೆದೊಯ್ದನು. “ರೈಲು ಬರುತ್ತದೆ ಸ್ವಾಮಿ, ಆಮೇಲೆ ಈ ಬೆಲೆಗೆ ಸಿಕ್ಕದು” ಎಂದನು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಚಾಮರಾಜನಗರಕ್ಕೆ ಹೋಗತಕ್ಕ ರೈಲುಮಾರ್ಗಕ್ಕೆ ಮಂಜೂರಾತಿಯಾದದ್ದು 1990ರ ದಶಕದಲ್ಲಿ. ಕೊಳ್ಳೇಗಾಲವು ಇಂದಿಗೂ ರೈಲನ್ನು ಕಂಡಿಲ್ಲ. ಬಾರದ ರೈಲಿಗೆ ಇಂದೇ ಟಿಕೀಟಿನ ಹಣ ಕೊಡುವುದು ವಿವೇಕವಲ್ಲ. ನಾನು ಕಾಗದಪತ್ರಗಳನ್ನು ಕೇಳಿದೆನು. ವ್ಯವಸಾಯದ ಭೂಮಿಯನ್ನು ವಾಸಕ್ಕೆ ಪರಿವರ್ತಿಸಿದ ಆದೇಶ, ಅನುಮೋದಿತ ಬಡಾವಣೆಯ ನಕ್ಷೆ, ಇ-ಖಾತೆ, ಋಣಭಾರ ಪತ್ರ, ಈ ನಾಲ್ಕರಲ್ಲಿ ಅವನ ಬಳಿ ಒಂದೂ ಇರಲಿಲ್ಲ; “ಎಲ್ಲವೂ ಆಗುತ್ತದೆ” ಎಂಬ ಮಾತೊಂದಿದ್ದಿತು. 2016ರ ಕಾಯಿದೆಯಂತೆ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು ಮಾರುವ ಮೊದಲು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಆ ಸಂಖ್ಯೆಯನ್ನು ಕೇಳಿದಾಗ ಅವನಿಗೆ ಬೇರೆ ಕಡೆ ತುರ್ತು ಕೆಲಸವು ನೆನಪಾಯಿತು.

ನದಿಯ ಕಡೆ ಅಗ್ಗದ ಭೂಮಿಯಿದೆಯೆಂದು ಮತ್ತೊಬ್ಬರು ಹೇಳಿದರು. ಅಲ್ಲಿಯ ಹಸುರು ಕಣ್ಣಿಗೆ ಹಬ್ಬವೇ ಸರಿ. ಆದರೆ 2018 ಮತ್ತು 2019ರ ಮಳೆಗಾಲಗಳಲ್ಲಿ ಮೇಲಿನ ಜಲಾಶಯಗಳು ತುಂಬಿ ನೀರನ್ನು ಬಿಟ್ಟಾಗ ಕಾವೇರಿಯು ಉಕ್ಕಿ, ದಾಸನಪುರ, ಹಂಪಾಪುರ, ಮುಳ್ಳೂರು ಮುಂತಾದ ಗ್ರಾಮಗಳ ಜನರು ಮನೆಗಳನ್ನು ಬಿಟ್ಟು ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಬೇಸಗೆಯಲ್ಲಿ ಕೊಂಡ ನಿವೇಶನವು ಶ್ರಾವಣದಲ್ಲಿ ಯಾರದಾಗಿರುತ್ತದೆಂದು ನೆರೆಯವರನ್ನು ಕೇಳಿಯೇ ಮುಂದುವರಿಯಬೇಕು.

ಎರಡನೆಯ ದಿನ ಯಳಂದೂರಿಗೆ ಹೋದೆವು. ಕೊಳ್ಳೇಗಾಲದಿಂದ ಅರ್ಧ ಗಂಟೆಯ ದಾರಿ. ಸುವರ್ಣಾವತಿಯ ನೀರುಂಡ ಗದ್ದೆಗಳು, ತೆಂಗಿನ ತೋಟಗಳು, ದಿಗಂತದಲ್ಲಿ ಬಿಳಿಗಿರಿರಂಗನ ಬೆಟ್ಟ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರಿದು. ಗೌರೀಶ್ವರ ದೇವಾಲಯದ ಮುಂದೆ ಕಲ್ಲಿನ ಬಳೆಗಳನ್ನು ಸರಪಳಿಯಂತೆ ಕಡೆದು ತೂಗಬಿಟ್ಟಿರುವ ಬಳೆಮಂಟಪವನ್ನು ನೋಡಿ, ಹಿಂದಿನವರು ಕಲ್ಲಿಗೆ ಕೊಟ್ಟ ತಾಳ್ಮೆಯನ್ನು ನಾವು ನಮ್ಮ ಮನೆಯ ಗೋಡೆಗೂ ಕೊಡಲಾರೆವಲ್ಲಾ ಎಂದುಕೊಂಡೆನು. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನೂ ಯಳಂದೂರಿನವಳೇ. “ಗೃಹಿಣಿಯ ಧರ್ಮವನ್ನು ಹೇಳಿದವಳ ಊರಿನಲ್ಲಿ ಗೃಹಿಣಿಗೊಂದು ಗೃಹ ಬೇಡವೇನ್ರೀ?” ಎಂದು ನನ್ನಾಕೆಯು ಸಮಯ ಸಾಧಿಸಿದಳು.

ಊರು ಚಿಕ್ಕದು, ನೆರೆಹೊರೆಯು ಒಳ್ಳೆಯದು. ಸಂಜೆ ಜಗುಲಿಯಲ್ಲಿ ಕುಳಿತರೆ ಹತ್ತು ಮಂದಿ ಕ್ಷೇಮ ಕೇಳಿ ಹೋಗುತ್ತಾರೆ. ಆದರೆ ನನ್ನ ಭಾವಮೈದುನನು ಮುಚ್ಚುಮರೆಯಿಲ್ಲದೆ ಹೇಳಿದನು: “ಭಾವ, ಇಲ್ಲಿ ನಿವೇಶನ ಸಿಕ್ಕುವುದೇ ಅಪರೂಪ. ಗದ್ದೆಯನ್ನು ಕೆಡಿಸಿ ಕಲ್ಲು ನೆಟ್ಟದ್ದು ಬೇಕಾದರೆ ಉಂಟು. ಅದು ನಿಮಗೆ ಬೇಡ. ಅತ್ತೆಯವರಿಗೆ ದೊಡ್ಡ ಡಾಕ್ಟರು ಬೇಕಾದರೆ ನಾವೇ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಓಡುತ್ತೇವೆ.” ಅನ್ನ ಕೊಡುವ ಭೂಮಿಯ ಮೇಲೆ ಮನೆ ಕಟ್ಟುವುದು ನನಗೂ ಮನಸ್ಸಿಗೆ ಬರಲಿಲ್ಲ.

ಮೂರನೆಯ ದಿನ ಹನೂರು. ಕೊಳ್ಳೇಗಾಲದಿಂದ ಸುಮಾರು ಇಪ್ಪತ್ತೈದು ಕಿಲೋಮೀಟರು. ದಾರಿಯುದ್ದಕ್ಕೂ ಹಸುರು ತೆಳುವಾಗಿ ಕೆಂಪು ನೆಲವು ತಲೆಯೆತ್ತುತ್ತದೆ. ಮಲೆಮಹದೇಶ್ವರನ ಬೆಟ್ಟಕ್ಕೆ ಹೋಗುವ ಯಾತ್ರಿಕರ ಹೆದ್ದಾರಿಯಿದು. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗಳಲ್ಲಿ ಜನಪ್ರವಾಹ. ಬಹುಕಾಲ ಕೊಳ್ಳೇಗಾಲಕ್ಕೆ ಸೇರಿದ್ದ ಈ ಭಾಗವು ಇತ್ತೀಚೆಗಷ್ಟೆ ಪ್ರತ್ಯೇಕ ತಾಲ್ಲೂಕಾಗಿದೆ. ಕಚೇರಿಗಳು ಬಂದಿವೆ, ಅಂಗಡಿಗಳು ಹೆಚ್ಚುತ್ತಿವೆ, ನಿವೇಶನದ ಬೆಲೆಯು ಮೂರು ಊರುಗಳಲ್ಲಿ ಇಲ್ಲಿಯೇ ನನಗೆ ಹಗುರವೆಂದು ಕಂಡಿತು. ಆದರೆ ಕಾಡು ಹತ್ತಿರ. 1987ರಲ್ಲಿ ಕಾವೇರಿ ವನ್ಯಧಾಮವೂ 2013ರಲ್ಲಿ ಮಲೆಮಹದೇಶ್ವರ ವನ್ಯಧಾಮವೂ ಆದುವು. ಅಂಚಿನ ಹೊಲಗಳಿಗೆ ಆನೆಗಳು ಬರುವುದುಂಟು. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಸಂಸಾರಸಮೇತ ಹೊರನಾಡಿಗೆ ಹೋಗುವವರೂ ಉಂಟು.

ತಾಯಿಯ ತವರುಮನೆಯು ಬೀಗ ಹಾಕಿದ್ದಿತು. ಹಿತ್ತಲಿನ ಬಾವಿಯ ಕಟ್ಟೆಯ ಮೇಲೆ ಕೈಯಿಟ್ಟು ಅವಳು ಒಳಗೆ ಇಣುಕಿದಳು. ತಳದಲ್ಲಿ ಒಣ ಎಲೆಗಳಿದ್ದುವು. ಪಕ್ಕದ ಮನೆಯವರು ಟ್ಯಾಂಕರಿನ ನೀರಿಗೆ ಕೊಡಗಳನ್ನು ಸಾಲಾಗಿಟ್ಟಿದ್ದರು. ಅವಳು ಏನೂ ಮಾತನಾಡಲಿಲ್ಲ.

ಆ ರಾತ್ರಿ ಬಂಧುಗಳ ಮನೆಯಲ್ಲಿ ಮಲಗಿದ್ದಾಗ ಅವಳಿಗೆ ಉಬ್ಬಸವು ಹೆಚ್ಚಿತು. ದೊಡ್ಡ ಆಸ್ಪತ್ರೆಗೇ ಹೋಗುವುದು ಒಳ್ಳೆಯದೆಂದು ಎಲ್ಲರೂ ಹೇಳಿದ್ದರಿಂದ ಕೊಳ್ಳೇಗಾಲಕ್ಕೆ ಹೊರಟೆವು. ಹಗಲಿನಲ್ಲಿ ಮಾತನಾಡುತ್ತಲೇ ಮುಗಿದಿದ್ದ ಇಪ್ಪತ್ತೈದು ಕಿಲೋಮೀಟರು ಆ ರಾತ್ರಿ ಮುಗಿಯಲೊಲ್ಲದು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ನನ್ನಾಕೆಯು ಕಿಟಕಿಯ ಹೊರಗೆ ದೀಪಗಳಿಗಾಗಿ ನೋಡುತ್ತಲೇ ಇದ್ದಳು. ಬೆಳಗಿನ ಹೊತ್ತಿಗೆ ಉಸಿರಾಟವು ಸರಿಹೋಯಿತು, ದೇವರು ದೊಡ್ಡವನು. ವೈದ್ಯರು, ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷಿಸಬೇಕೆಂದರು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಸುಮಾರು ನಲವತ್ತು ಕಿಲೋಮೀಟರಿನ ಚಾಮರಾಜನಗರದಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ ಹೊಸ ಬೋಧನಾ ಆಸ್ಪತ್ರೆಯು 2021ರಲ್ಲಿ ತೆರೆಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಲೆಕ್ಕ ಹಾಕಿದೆನು. ಅಗ್ಗದಲ್ಲಿ ಹನೂರೇ ಮುಂದು, ನೆರೆಹೊರೆಯಲ್ಲಿ ಯಳಂದೂರು, ವೈದ್ಯ, ಕಾಲೇಜು, ಕಚೇರಿ, ಬಸ್ಸು ಇವುಗಳಲ್ಲಿ ಕೊಳ್ಳೇಗಾಲ. ನಿವೇಶನದ ಬೆಲೆಯನ್ನು ಒಮ್ಮೆ ಕೊಟ್ಟು ಮರೆಯಬಹುದು; ಟ್ಯಾಂಕರಿನ ನೀರಿನ ಬೆಲೆಯನ್ನೂ ಅರ್ಧರಾತ್ರಿಯ ದಾರಿಯ ಬೆಲೆಯನ್ನೂ ಬದುಕಿರುವಷ್ಟು ಕಾಲ ಕೊಡುತ್ತಿರಬೇಕು. ಕೊಳ್ಳೇಗಾಲವೆಂದು ಮನಸ್ಸು ಹೇಳಿತು. ತಾಯಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಕೊನೆಗೆ ಅವಳೇ ಹೇಳಿದಳು: “ಆ ಬಾವೀಲಿ ನೀರಿದ್ದಾಗ ಅದು ನನ್ನೂರು ಕನಪ್ಪ. ಈಗ ನೀರಿರೋ ಕಡೆ ಹೋಗಾನ. ವರ್ಷಕ್ಕೊಂದ್ಸಲ ಮಾದಪ್ಪನ ಬೆಟ್ಟಕ್ಕೆ ಹೋಗ್ತಾ ಹಂಗೇ ನೋಡ್ಕೊಂಡು ಬಂದ್ರಾಯ್ತು.”

ನಾಲ್ಕನೆಯ ದಿನ ನಾವು ನಿವೇಶನವನ್ನು ಕೊಳ್ಳಲಿಲ್ಲ. ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ, ಜಗುಲಿಯಿರುವ ಹಳೆಯ ಹೆಂಚಿನ ಮನೆಯೊಂದನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದೆವು. ಒಂದು ಮಳೆಗಾಲ, ಒಂದು ಬೇಸಗೆ ಕಳೆಯಲಿ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಚರಂಡಿಯು ಎಲ್ಲಿ ಕಟ್ಟುತ್ತದೆ, ಕಷ್ಟಕ್ಕೆ ಯಾರ ಬಾಗಿಲು ತೆರೆಯುತ್ತದೆ ಎಂಬುದು ತಿಳಿಯಲಿ. ಅಷ್ಟರವರೆಗೆ ಹಣವು ಬ್ಯಾಂಕಿನಲ್ಲಿಯೇ ಇರುತ್ತದೆ.

ಊರಿಗೆ ಹಿಂದಿರುಗಬೇಕೆಂದಿರುವ ಗೃಹಸ್ಥರಿಗೆ ನಾನು ಹೇಳತಕ್ಕದ್ದು ಇಷ್ಟೆ: ಮೊದಲು ಆ ಊರಿನಲ್ಲಿ ಒಂದು ವರ್ಷ ಬದುಕಿ ನೋಡಿ, ಮನೆಯನ್ನು ಆಮೇಲೆ ಕಟ್ಟಿ ನೋಡಬಹುದು.